ಆಟಿಯ ಗಾಳಿಯೂ ಗಂಧಕದ ಎಲೆಕ್ಟ್ರೊಲೈಟೂ

ಘನಸ್ಥಿತಿ ಲಿಥಿಯಂ ಬ್ಯಾಟರಿಗಳ ಕುರಿತು ಪತ್ರಿಕೆಗಳಲ್ಲಿ ಬರುವ ವರದಿಗಳನ್ನು ಓದಿದರೆ, ಬ್ಯಾಟರಿಯ ಎರಡು ತುದಿಗಳ ನಡುವೆ ವಿದ್ಯುದಂಶ ಹೊತ್ತ ಲಿಥಿಯಂ ಕಣಗಳು (ಅಯಾನುಗಳು) ಹಾದುಹೋಗುವ ದ್ರವದ, ಅಂದರೆ ದ್ರವ ಎಲೆಕ್ಟ್ರೊಲೈಟಿನ, ಜಾಗದಲ್ಲಿ ಒಂದು ಘನವಸ್ತುವನ್ನು ತಂದಿಟ್ಟರೆ ಸಾಕು, ಬೆಂಕಿಯ ಭಯವೂ ಚಾರ್ಜಿಂಗಿಗೆ ಕಾಯುವ ಕಷ್ಟವೂ ಒಟ್ಟಿಗೇ ತೀರಿಹೋಗುತ್ತವೆ ಎಂಬ ಭಾವನೆ ಮೂಡುತ್ತದೆ. ಆ ಘನವಸ್ತುಗಳಲ್ಲಿ ಅತಿ ಹೆಚ್ಚು ಭರವಸೆ ಹುಟ್ಟಿಸಿರುವುದು ಗಂಧಕವನ್ನು ಆಧರಿಸಿದ ಸಲ್ಫೈಡ್ ಎಲೆಕ್ಟ್ರೊಲೈಟುಗಳು. ಸುರತ್ಕಲ್ಲಿನ ಕಡಲ ಗಾಳಿಯಲ್ಲಿ ವಾಸವಿದ್ದು ರಸಾಯನ ವಿಜ್ಞಾನ ಕಲಿಸುತ್ತಿರುವ ನನಗೆ ಈ ವಸ್ತುಗಳ ಬಗ್ಗೆ ಬಹಳ ಕಾಲದಿಂದ ಆಸಕ್ತಿಯಿದೆ. ಇವುಗಳಲ್ಲಿ ಅಯಾನು ಎಷ್ಟು ವೇಗವಾಗಿ ಚಲಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಹತ್ತು ವರ್ಷಗಳ ಮೇಲಾಯಿತು. ಉಳಿದಿರುವ ಪ್ರಶ್ನೆಗಳಲ್ಲಿ ಮೊದಲನೆಯದು ನೀರಿನದು, ಎರಡನೆಯದು ಘನವಸ್ತುಗಳ ನಡುವಿನ ಸ್ಪರ್ಶದ್ದು. ಅವುಗಳಲ್ಲಿ ನೀರಿನ ಪ್ರಶ್ನೆ ನಮ್ಮ ಕರಾವಳಿಗೆ ಬೇರೆ ಯಾವ ಊರಿಗಿಂತಲೂ ಹತ್ತಿರದ್ದು ಎಂಬ ಕಾರಣದಿಂದ ಈ ಬರಹ.

ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯಿಂದ ಇಂದು ನಮ್ಮ ಫೋನುಗಳಲ್ಲಿರುವ ಬ್ಯಾಟರಿಯವರೆಗೆ ಎಲೆಕ್ಟ್ರೊಲೈಟ್ ಎಂದರೆ ಮೂಲತಃ ಒಂದೇ ಬಗೆಯ ವಸ್ತು, ಅಂದರೆ ಸಾವಯವ ಕಾರ್ಬೊನೇಟ್ ದ್ರಾವಕದಲ್ಲಿ ಕರಗಿಸಿದ ಲಿಥಿಯಂ ಲವಣ. ಅದರ ವಾಹಕತೆ, ಅಂದರೆ ಅಯಾನುಗಳನ್ನು ಹಾಯಗೊಡುವ ಸಾಮರ್ಥ್ಯ, ಕೋಣೆಯ ತಾಪಮಾನದಲ್ಲಿ ಸೆಂಟಿಮೀಟರಿಗೆ ಸುಮಾರು 10 ಮಿಲಿಸೀಮೆನ್ಸ್. ಆ ದ್ರಾವಕ ಸುಲಭವಾಗಿ ಉರಿಯುತ್ತದೆ. ಅದಲ್ಲದೆ, ದ್ರವದೊಳಗೆ ಧನ ಅಯಾನುಗಳೂ ಋಣ ಅಯಾನುಗಳೂ ಎರಡೂ ಚಲಿಸುವುದರಿಂದ ಹರಿಯುವ ವಿದ್ಯುತ್ತಿನಲ್ಲಿ ಲಿಥಿಯಂ ಹೊರುವ ಪಾಲು ಅರ್ಧಕ್ಕಿಂತ ಕಡಿಮೆ. ಘನ ಎಲೆಕ್ಟ್ರೊಲೈಟಿನಲ್ಲಿ ಋಣ ಅಯಾನುಗಳು ಹರಳಿನ ಚೌಕಟ್ಟಾಗಿ ತಮ್ಮ ಜಾಗದಲ್ಲೇ ನಿಲ್ಲುತ್ತವೆ, ಲಿಥಿಯಂ ಮಾತ್ರ ಚಲಿಸುತ್ತದೆ. ಆದ್ದರಿಂದ ವಾಹಕತೆಯ ಸಂಖ್ಯೆ ಎರಡರಲ್ಲೂ ಒಂದೇ ಇದ್ದಾಗ ಘನವಸ್ತುವೇ ಹೆಚ್ಚು ಕೆಲಸ ಮಾಡುತ್ತದೆ.

ಘನವಸ್ತುವಿನೊಳಗೂ ಲಿಥಿಯಂ ಇಷ್ಟು ವೇಗವಾಗಿ ಚಲಿಸುವುದು ಗಂಧಕದಿಂದ ಏಕೆ ಸಾಧ್ಯವಾಯಿತು ಎಂಬುದು ಈ ವಿಷಯದ ಅತ್ಯಂತ ಸುಂದರವಾದ ಭಾಗ ಎಂದು ನಾನು ಭಾವಿಸುತ್ತೇನೆ. ಆಕ್ಸೈಡ್ ಅಯಾನಿನ ತ್ರಿಜ್ಯ ಸುಮಾರು 1.40 ಆಂಗ್‌ಸ್ಟ್ರಮ್, ಸಲ್ಫೈಡ್ ಅಯಾನಿನದು ಸುಮಾರು 1.84. ಗಂಧಕ ಗಾತ್ರದಲ್ಲಿ ದೊಡ್ಡದಷ್ಟೇ ಅಲ್ಲ, ಅದರ ಹೊರಗಿನ ಇಲೆಕ್ಟ್ರಾನುಗಳ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತವೂ ಸಡಿಲ. ಹಾಗಾಗಿ ಪಕ್ಕದಲ್ಲಿ ಲಿಥಿಯಂ ಅಯಾನು ಹಾದುಹೋಗುವಾಗ ಆ ಇಲೆಕ್ಟ್ರಾನು ಮೋಡ ಸುಲಭವಾಗಿ ಬಾಗಿಕೊಡುತ್ತದೆ, ಆಕ್ಸಿಜನ್ನಿನಂತೆ ಲಿಥಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಇದರ ಜೊತೆಗೆ ಗಂಧಕದ ಪರಮಾಣುಗಳು ಹರಳಿನಲ್ಲಿ ಜೋಡಿಸಿಕೊಂಡಿರುವ ಕ್ರಮವೂ ಮುಖ್ಯ. ಘನಾಕೃತಿಯ ಎಂಟು ಮೂಲೆಗಳಲ್ಲೂ ನಡುವಿನಲ್ಲೂ ಋಣ ಅಯಾನುಗಳಿರುವಂಥ ಜೋಡಣೆಯಲ್ಲಿ ಲಿಥಿಯಂ ನಾಲ್ಕು ಋಣ ಅಯಾನುಗಳ ನಡುವಿನ ಒಂದು ಚತುಷ್ಫಲಕದ ಜಾಗದಿಂದ ಅಂಥದ್ದೇ ಇನ್ನೊಂದು ಜಾಗಕ್ಕೆ ನೇರವಾಗಿ ಜಿಗಿಯಬಲ್ಲದು, ನಡುವೆ ಎತ್ತರದ ಶಕ್ತಿಯ ತಡೆಯನ್ನು ಏರಿ ಇಳಿಯಬೇಕಾಗಿಲ್ಲ ಎಂಬುದನ್ನು 2015ರಲ್ಲಿ ಪ್ರಕಟವಾದ ಲೆಕ್ಕಾಚಾರಗಳು ಸ್ಪಷ್ಟಪಡಿಸಿದವು. ಹೆಚ್ಚು ವಾಹಕತೆ ಇರುವ ಕೆಲವು ಸಲ್ಫೈಡುಗಳ ಚೌಕಟ್ಟು ಈ ಮಾದರಿಗೆ ಬಹಳ ಹತ್ತಿರ.

ಆ ಲೆಕ್ಕಾಚಾರಕ್ಕೆ ಮೊದಲೇ ಪ್ರಯೋಗ ಬಂದಿತ್ತು. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರ್ಯೋಜಿ ಕನ್ನೋ ಅವರ ತಂಡ 2011ರಲ್ಲಿ ಲಿಥಿಯಂ, ಜರ್ಮೇನಿಯಂ, ರಂಜಕ, ಗಂಧಕ ಈ ನಾಲ್ಕೂ ಸೇರಿದ ಸಂಯುಕ್ತವೊಂದನ್ನು ಪ್ರಕಟಿಸಿತು. ಈ ಕ್ಷೇತ್ರದಲ್ಲಿ ಅದನ್ನು ಎಲ್‌ಜಿಪಿಎಸ್ ಎಂದು ಕರೆಯುತ್ತಾರೆ. ಅದರ ವಾಹಕತೆ 27 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 12 ಮಿಲಿಸೀಮೆನ್ಸ್, ಅಂದರೆ ದ್ರವದ ಮಟ್ಟ. 2016ರಲ್ಲಿ ಅದೇ ವಂಶದ, ಜರ್ಮೇನಿಯಂ ಇಲ್ಲದ, ಸಿಲಿಕಾನ್ ಮತ್ತು ಸ್ವಲ್ಪ ಕ್ಲೋರಿನ್ ಸೇರಿದ ಇನ್ನೊಂದು ವಸ್ತು 25 ಮಿಲಿಸೀಮೆನ್ಸ್ ತಲುಪಿತು. ವಾಹಕತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಇಂದು ಕಾರ್ಖಾನೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಮಾತ್ರ ಎಲ್‌ಜಿಪಿಎಸ್ಸನ್ನಲ್ಲ, ಆರ್ಜಿರೊಡೈಟ್ ಎಂಬ ಇನ್ನೊಂದು ವಂಶವನ್ನು. ಮೂಲ ಆರ್ಜಿರೊಡೈಟ್ ಬೆಳ್ಳಿ, ಜರ್ಮೇನಿಯಂ, ಗಂಧಕಗಳ ಖನಿಜ. ಜರ್ಮನಿಯ ಫ್ರೈಬರ್ಗಿನ ಕ್ಲೆಮೆನ್ಸ್ ವಿಂಕ್ಲರ್ ಅವರು 1886ರಲ್ಲಿ ಜರ್ಮೇನಿಯಂ ಎಂಬ ಮೂಲವಸ್ತುವನ್ನೇ ಕಂಡುಹಿಡಿದದ್ದು ಈ ಖನಿಜದೊಳಗೆ. ಅದೇ ಹರಳಿನ ಚೌಕಟ್ಟಿನಲ್ಲಿ ಬೆಳ್ಳಿಯ ಜಾಗದಲ್ಲಿ ಲಿಥಿಯಂ, ಜರ್ಮೇನಿಯಂ ಜಾಗದಲ್ಲಿ ರಂಜಕ, ಗಂಧಕದ ಒಂದು ಪಾಲಿನ ಜಾಗದಲ್ಲಿ ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್ ಇರಿಸಿದ ಸಂಯುಕ್ತಗಳನ್ನು ಜರ್ಮನಿಯ ಡೈಸೆರೋಥ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಇಲ್ಲಿ ಒಂದು ಸ್ವಾರಸ್ಯವಿದೆ. ಅಯೋಡಿನ್ ಇರುವ ಸಂಯುಕ್ತದಲ್ಲಿ ಅಯೋಡಿನ್ನೂ ಗಂಧಕವೂ ತಮ್ಮ ತಮ್ಮ ಜಾಗಗಳಲ್ಲಿ ಶಿಸ್ತಾಗಿ ಕುಳಿತಿರುತ್ತವೆ, ಅದರ ವಾಹಕತೆ ತೀರಾ ಕಡಿಮೆ. ಗಾತ್ರದಲ್ಲಿ ಗಂಧಕಕ್ಕೆ ಹತ್ತಿರವಿರುವ ಕ್ಲೋರಿನ್ ಬಂದಾಗ ಎರಡೂ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ, ಆ ಅವ್ಯವಸ್ಥೆಯಿಂದಲೇ ಲಿಥಿಯಂ ಒಂದು ಪಂಜರದಿಂದ ಇನ್ನೊಂದು ಪಂಜರಕ್ಕೆ ದಾಟುವುದು ಸುಲಭವಾಗಿ, ವಾಹಕತೆ ಕೆಲವು ಮಿಲಿಸೀಮೆನ್ಸಿಗೆ ಏರುತ್ತದೆ. ದುಬಾರಿ ಜರ್ಮೇನಿಯಂ ಬೇಕಾಗಿಲ್ಲ ಎಂಬುದು ಇದರ ಇನ್ನೊಂದು ಅನುಕೂಲ.

ಗಂಧಕದ ಮೆದು ಗುಣ ಇನ್ನೊಂದು ಕಡೆಯಲ್ಲೂ ಉಪಕಾರಿ. ಗಾರ್ನೆಟ್ ಮಾದರಿಯ ಆಕ್ಸೈಡ್ ಎಲೆಕ್ಟ್ರೊಲೈಟನ್ನು ಗಟ್ಟಿಯಾದ ಬಿಲ್ಲೆಯಾಗಿಸಲು 1000 ಡಿಗ್ರಿಗಿಂತ ಹೆಚ್ಚಿನ ತಾಪದಲ್ಲಿ ಸುಡಬೇಕು. ಸಲ್ಫೈಡ್ ಪುಡಿಯನ್ನಾದರೋ ಅಚ್ಚಿನಲ್ಲಿ ತುಂಬಿ ಕೋಣೆಯ ತಾಪಮಾನದಲ್ಲೇ ಕೆಲವು ನೂರು ಮೆಗಾಪಾಸ್ಕಲ್ ಒತ್ತಡದಲ್ಲಿ ಒತ್ತಿದರೆ ಸಾಕು, ಕಣಗಳು ಒಂದಕ್ಕೊಂದು ಬೆಸೆದುಕೊಂಡು ಅಳತೆಗೆ ಯೋಗ್ಯವಾದ ಬಿಲ್ಲೆ ಸಿದ್ಧವಾಗುತ್ತದೆ. ಪುಡಿಯನ್ನು ತಯಾರಿಸುವುದಕ್ಕೂ ಗಟ್ಟಿ ಗುಂಡುಗಳು ಉರುಳಿ ಪುಡಿ ಮಾಡುವ ಬಾಲ್ ಮಿಲ್ಲಿನಲ್ಲಿ ಗಂಟೆಗಟ್ಟಲೆ ಅರೆಯುವ ವಿಧಾನವಿದೆ. ಒಸಾಕಾ ಪ್ರಿಫೆಕ್ಚರ್ ವಿಶ್ವವಿದ್ಯಾಲಯದ ತತ್ಸುಮಿಸಾಗೊ ಅವರ ತಂಡ ಲಿಥಿಯಂ ಸಲ್ಫೈಡ್ ಮತ್ತು ರಂಜಕದ ಪೆಂಟಾಸಲ್ಫೈಡುಗಳನ್ನು ಹೀಗೆ ಅರೆದು ಗಾಜಿನ ರೂಪದ ಎಲೆಕ್ಟ್ರೊಲೈಟುಗಳನ್ನು ಮಾಡಿ ತೋರಿಸಿದ್ದು ಈ ಕ್ಷೇತ್ರದ ಅಡಿಪಾಯಗಳಲ್ಲಿ ಒಂದು.

ಇನ್ನು ನೀರಿನ ವಿಷಯ. ಲಿಥಿಯಂ ಹಾಗೂ ರಂಜಕ ಎರಡಕ್ಕೂ ಗಂಧಕಕ್ಕಿಂತ ಆಕ್ಸಿಜನ್ ಹೆಚ್ಚು ಪ್ರಿಯ. ಆದ್ದರಿಂದ ನೀರಿನ ಅಣು ಸಿಕ್ಕಿದ ಕೂಡಲೇ ಆಕ್ಸಿಜನ್ ಒಳಗೆ ಸೇರಿಕೊಳ್ಳುತ್ತದೆ, ಗಂಧಕ ನೀರಿನ ಹೈಡ್ರೋಜನ್ನನ್ನು ಕಟ್ಟಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಹೊರಗೆ ಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲದ ದೊಡ್ಡ ಅಪಾಯವೆಂದರೆ, ಹತ್ತು ಲಕ್ಷಕ್ಕೆ ಒಂದು ಪಾಲಿಗಿಂತ ಕಡಿಮೆ ಇದ್ದಾಗಲೂ ಮೂಗಿಗೆ ಗೊತ್ತಾಗುವ ಇದು, ನೂರು ಪಾಲಿನ ಆಸುಪಾಸಿಗೆ ಬಂದಾಗ ಮೂಗಿನ ಶಕ್ತಿಯನ್ನೇ ಕುಂದಿಸಿಬಿಡುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದುಕೊಂಡವರೇ ಅದಕ್ಕೆ ಬಲಿಯಾಗುತ್ತಾರೆ.

ತರಗತಿಯಲ್ಲಿ ನಾನು ಮಾಡಿಸುವ ಒಂದು ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ಕ್ಲೋರಿನ್ ಇರುವ ಆರ್ಜಿರೊಡೈಟಿನ ಒಂದು ಮೋಲ್ ತೂಕ ಸುಮಾರು 268 ಗ್ರಾಂ, ಅದರಲ್ಲಿ ಐದು ಮೋಲ್ ಗಂಧಕವಿದೆ. ಒಂದೇ ಒಂದು ಗ್ರಾಂ ಪುಡಿ ಪೂರ್ತಿಯಾಗಿ ನೀರಿನೊಡನೆ ವರ್ತಿಸಿದರೆ 25 ಡಿಗ್ರಿಯಲ್ಲಿ ಸುಮಾರು 450 ಮಿಲಿಲೀಟರ್ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ಕಿಟಕಿ ಬಾಗಿಲು ಮುಚ್ಚಿದ 30 ಘನ ಮೀಟರಿನ ಚಿಕ್ಕ ಕೋಣೆಯಲ್ಲಿ ಅದು ಹರಡಿದರೆ ಹತ್ತು ಲಕ್ಷಕ್ಕೆ 15 ಪಾಲು. ಕೆಲಸದ ಸ್ಥಳಗಳಿಗೆ ಹಲವು ಕಡೆ ಬಳಕೆಯಲ್ಲಿರುವ ಮಿತಿ 10 ಪಾಲು. ನಿಜವಾದ ಪ್ರಯೋಗದಲ್ಲಿ ಕ್ರಿಯೆ ಇಷ್ಟು ವೇಗವಾಗಿಯೂ ಇಷ್ಟು ಪೂರ್ಣವಾಗಿಯೂ ನಡೆಯುವುದಿಲ್ಲ ಎಂಬುದು ಸರಿ. ಆದರೆ ಕಾರಿನ ಬ್ಯಾಟರಿಯೊಂದರಲ್ಲಿ ಈ ವಸ್ತು ಕಿಲೋಗ್ರಾಂಗಟ್ಟಲೆ ಇರಬೇಕಾಗುತ್ತದೆ ಎಂಬುದನ್ನೂ ಜೊತೆಗೆ ನೆನಪಿಡಬೇಕು.

ಈಗ ನಮ್ಮ ಗಾಳಿಯನ್ನು ನೋಡೋಣ. ಬೇಸಗೆಯಲ್ಲಿ ಅಂಗಳದಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಡಬ್ಬದ ಮುಚ್ಚಳ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಸ್ವಲ್ಪ ಸಡಿಲವಾಗಿ ಉಳಿದರೆ ಏನಾಗುತ್ತದೆ ಎಂಬುದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಪ್ರತಿ ಮನೆಗೂ ಗೊತ್ತು. ಅದನ್ನೇ ಸಂಖ್ಯೆಯಲ್ಲಿ ಹೇಳುವುದಾದರೆ, ಜುಲೈ ತಿಂಗಳ ಮಂಗಳೂರಿನಲ್ಲಿ ಇಬ್ಬನಿ ಬಿಂದು (ಗಾಳಿಯಲ್ಲಿರುವ ಆವಿ ಹನಿಗಟ್ಟಲು ಶುರುವಾಗುವ ತಾಪಮಾನ) 25 ಡಿಗ್ರಿಯ ಹತ್ತಿರ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಿನ ಆವಿ ಇರುತ್ತದೆ. ಬ್ಯಾಟರಿ ಕಾರ್ಖಾನೆಯ ಡ್ರೈ ರೂಮಿನಲ್ಲಿ ಇಬ್ಬನಿ ಬಿಂದುವನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಇಡುತ್ತಾರೆ. ಆ ಗಾಳಿಯಲ್ಲಿರುವ ನೀರು ಘನ ಮೀಟರಿಗೆ ಸುಮಾರು 0.1 ಗ್ರಾಂ. ಅಂದರೆ ನಮ್ಮ ಮಳೆಗಾಲದ ಗಾಳಿಯಲ್ಲಿರುವ ನೀರಿನಲ್ಲಿ ಇನ್ನೂರು ಪಾಲಿಗೆ ಒಂದು ಪಾಲು ಕೂಡ ಉಳಿಯುವಂತಿಲ್ಲ. ಸಲ್ಫೈಡನ್ನು ದೀರ್ಘಕಾಲ ತೆರೆದಿಟ್ಟು ಕೆಲಸ ಮಾಡಬೇಕಾದರೆ 60 ಡಿಗ್ರಿ ಕೆಳಗಿನವರೆಗೂ ಹೋಗಬೇಕಾಗುತ್ತದೆ. ಆಗ ಉಳಿಯಬಹುದಾದ ನೀರು ಅದರ ಹತ್ತನೇ ಒಂದಕ್ಕಿಂತಲೂ ಕಡಿಮೆ.

ಗಾಳಿಯನ್ನು ಈ ಮಟ್ಟಕ್ಕೆ ಒಣಗಿಸುವ ಯಂತ್ರದಲ್ಲಿ ಸಿಲಿಕಾ ಜೆಲ್ ಅಥವಾ ಜಿಯೊಲೈಟ್ ಲೇಪಿಸಿದ ದೊಡ್ಡ ಚಕ್ರವೊಂದು ನಿಧಾನವಾಗಿ ತಿರುಗುತ್ತದೆ. ಅದರ ಒಂದು ಭಾಗ ಗಾಳಿಯ ನೀರನ್ನು ಹೀರಿಕೊಳ್ಳುತ್ತಿರುವಾಗ ಇನ್ನೊಂದು ಭಾಗಕ್ಕೆ ನೂರು ಡಿಗ್ರಿಗಿಂತ ಹೆಚ್ಚು ಬಿಸಿಯಾದ ಗಾಳಿಯನ್ನು ಹಾಯಿಸಿ ಹೀರಿದ ನೀರನ್ನು ಹೊರದೂಡುತ್ತಾರೆ. ಖರ್ಚಾಗುವ ವಿದ್ಯುತ್ತೆಲ್ಲ ಹೆಚ್ಚಾಗಿ ಅಲ್ಲೇ. ಒಳಗೆ ಕೆಲಸ ಮಾಡುವ ಪ್ರತಿಯೊಬ್ಬರೂ ಉಸಿರು ಮತ್ತು ಬೆವರಿನಿಂದ ಗಂಟೆಗೆ ಹತ್ತಾರು ಗ್ರಾಂ ನೀರನ್ನು ಗಾಳಿಗೆ ಸೇರಿಸುತ್ತಿರುತ್ತಾರಾದ್ದರಿಂದ ಎಷ್ಟು ಮಂದಿ ಒಳಗಿರಬಹುದು ಎಂಬುದಕ್ಕೂ ಮಿತಿಯಿದೆ. ಪ್ರಯೋಗಾಲಯದ ಮಟ್ಟದಲ್ಲಿ ಇದೇ ಕೆಲಸವನ್ನು ಆರ್ಗಾನ್ ತುಂಬಿದ ಮುಚ್ಚಿದ ಪೆಟ್ಟಿಗೆ, ಅಂದರೆ ಗ್ಲವ್ ಬಾಕ್ಸ್, ಮಾಡುತ್ತದೆ, ಆದರೆ ಅದರ ರಬ್ಬರ್ ಕೈಗವಸುಗಳ ಮೂಲಕವೂ ತೇವಾಂಶ ನಿಧಾನವಾಗಿ ಒಳಗೆ ಜಿನುಗುತ್ತದೆ. ಮಳೆಗಾಲದ ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ ಅನಿಲ ಶುದ್ಧೀಕರಣದ ಪಂಪು ನಿಂತರೆ, ಬೆಳಿಗ್ಗೆ ತೇವಾಂಶದ ಮಾಪಕ ಎಷ್ಟು ತೋರಿಸೀತು ಎಂಬ ಆತಂಕ ಗ್ಲವ್ ಬಾಕ್ಸ್ ಇಟ್ಟುಕೊಂಡ ಕರಾವಳಿಯ ಸಂಶೋಧಕರಿಗೆಲ್ಲ ಪರಿಚಿತ.

ರಸಾಯನ ವಿಜ್ಞಾನದ ದಾರಿಯಿಂದಲೂ ನೀರನ್ನು ಎದುರಿಸುವ ಪ್ರಯತ್ನಗಳು ನಡೆದಿವೆ. ಲಿಥಿಯಂ ಸಲ್ಫೈಡ್ 75 ಪಾಲು, ರಂಜಕದ ಸಲ್ಫೈಡ್ 25 ಪಾಲು ಇರುವ ಗಾಜಿನಲ್ಲಿ ಹೆಚ್ಚುಕಡಿಮೆ ಎಲ್ಲ ಗಂಧಕವೂ ರಂಜಕದ ಸುತ್ತ ನಾಲ್ಕು ನಾಲ್ಕಾಗಿ ಕಟ್ಟಿಕೊಂಡಿರುವುದರಿಂದ ಅದು ಅದೇ ವಂಶದ ಇತರ ಗಾಜುಗಳಿಗಿಂತ ಕಡಿಮೆ ಅನಿಲ ಬಿಡುತ್ತದೆ. ರಂಜಕದ ಬದಲಿಗೆ ತವರ, ಆಂಟಿಮನಿಯಂಥ ಮೆದು ಗುಣದ ಧಾತುಗಳನ್ನು ಸೇರಿಸಿದರೆ ಅವು ಆಕ್ಸಿಜನ್ನಿಗಿಂತ ಗಂಧಕವನ್ನೇ ಹಿಡಿದುಕೊಳ್ಳುವುದರಿಂದ ತೇವಾಂಶವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಆದರೆ ಆ ಲೋಹಗಳನ್ನು ಲಿಥಿಯಂ ಸುಲಭವಾಗಿ ಅಪಕರ್ಷಿಸುತ್ತದೆ, ಅಂದರೆ ಇಲೆಕ್ಟ್ರಾನು ಕೊಟ್ಟು ಎಲೆಕ್ಟ್ರೊಲೈಟನ್ನು ಕೆಡಿಸುತ್ತದೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕೊಡಬೇಕಾದ ಈ ಸ್ಥಿತಿ ನೋಡಿದಾಗ, ಅಂತಿಮವಾಗಿ ಗೆಲ್ಲುವುದು ಒಣ ಗಾಳಿಯನ್ನು ಅಗ್ಗವಾಗಿಸಿದವರೇ ಎಂದು ನನಗೆ ಅನ್ನಿಸುತ್ತದೆ.

ಸ್ಪರ್ಶದ ಪ್ರಶ್ನೆಯನ್ನು ಸ್ವಲ್ಪ ಸಂಕ್ಷೇಪವಾಗಿ ಹೇಳುತ್ತೇನೆ, ಅದಕ್ಕೆ ಬೇರೆಯೇ ಲೇಖನ ಬೇಕು. ದ್ರವ ತಾನಾಗಿಯೇ ಎಲ್ಲ ಸಂದುಗಳಿಗೂ ಹರಿಯುತ್ತದೆ, ಘನವಸ್ತು ಹರಿಯುವುದಿಲ್ಲ. ಚಾರ್ಜ್ ಮಾಡುವಾಗಲೂ ಬಳಸುವಾಗಲೂ ಕ್ಯಾಥೋಡಿನ (ಬ್ಯಾಟರಿಯ ಧನ ತುದಿಯ) ಕಣಗಳು ಹಿಗ್ಗಿ ಕುಗ್ಗುತ್ತವೆ, ಪ್ರತಿ ಸಲವೂ ಕಣ ಮತ್ತು ಎಲೆಕ್ಟ್ರೊಲೈಟಿನ ನಡುವೆ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಇದಕ್ಕಾಗಿ ಸೆಲ್ಲನ್ನು ಮೆಗಾಪಾಸ್ಕಲ್‌ಗಳ ಲೆಕ್ಕದಲ್ಲಿ ಒತ್ತಿ ಹಿಡಿದಿರಬೇಕು. ಕಾರಿನೊಳಗೆ ಹಾಗೆ ಒತ್ತಿ ಹಿಡಿಯುವ ಉಕ್ಕಿನ ಚೌಕಟ್ಟಿನ ತೂಕವನ್ನೂ ಬ್ಯಾಟರಿಯ ತೂಕಕ್ಕೇ ಸೇರಿಸಿ ನೋಡಬೇಕು ಎಂಬುದನ್ನು ಪ್ರಚಾರದ ಸಂಖ್ಯೆಗಳು ಎಲ್ಲ ಸಲವೂ ಹೇಳುವುದಿಲ್ಲ. ಇದಲ್ಲದೆ, ಸಲ್ಫೈಡುಗಳು ಉಷ್ಣಬಲವಿಜ್ಞಾನದ ಲೆಕ್ಕದಂತೆ ಸ್ಥಿರವಾಗಿರುವುದು ಸರಿಸುಮಾರು 1.7 ಮತ್ತು 2.1 ವೋಲ್ಟುಗಳ ನಡುವಿನ ಇಕ್ಕಟ್ಟಿನಲ್ಲಿ ಮಾತ್ರ. ನಿಕೆಲ್ ಹೆಚ್ಚಿರುವ ಕ್ಯಾಥೋಡ್ 4 ವೋಲ್ಟನ್ನು ದಾಟುತ್ತದೆ, ಆದ್ದರಿಂದ ಅದರ ಪ್ರತಿ ಕಣಕ್ಕೂ ಲಿಥಿಯಂ ನಯೋಬೇಟಿನಂಥ ಆಕ್ಸೈಡಿನ ಕೆಲವೇ ನ್ಯಾನೊಮೀಟರ್ ದಪ್ಪದ ಲೇಪ ಕೊಡುತ್ತಾರೆ. ಲಿಥಿಯಂ ಲೋಹದ ಕಡೆಯಲ್ಲಿ ಆರ್ಜಿರೊಡೈಟ್ ಒಡೆದು ಲಿಥಿಯಂ ಸಲ್ಫೈಡ್, ಲಿಥಿಯಂ ಫಾಸ್ಫೈಡ್, ಲಿಥಿಯಂ ಕ್ಲೋರೈಡುಗಳ ಪದರವಾಗುತ್ತದೆ. ಆ ಪದರ ಇಲೆಕ್ಟ್ರಾನುಗಳನ್ನು ಹೆಚ್ಚು ಹಾಯಗೊಡದ ಕಾರಣ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಎಲ್‌ಜಿಪಿಎಸ್ಸಿನಲ್ಲಿ ಜರ್ಮೇನಿಯಂ ಮಿಶ್ರಲೋಹವಾಗಿ ಇಲೆಕ್ಟ್ರಾನುಗಳಿಗೆ ದಾರಿ ಕೊಡುವುದರಿಂದ ಕೊರೆತ ಮುಂದುವರಿಯುತ್ತಲೇ ಇರುತ್ತದೆ. ಅತಿ ಹೆಚ್ಚಿನ ವಾಹಕತೆ ಇದ್ದ ವಸ್ತು ಹಿಂದೆ ಸರಿದು ಸಾಧಾರಣ ವಾಹಕತೆಯ ಆರ್ಜಿರೊಡೈಟ್ ಮುಂದೆ ಬಂದದ್ದರಲ್ಲಿ ಇದಕ್ಕೂ ಪಾಲಿದೆ.

ಇಷ್ಟೆಲ್ಲ ಇದ್ದರೂ ಕೆಲಸ ನಿಂತಿಲ್ಲ. ಸ್ಯಾಮ್‌ಸಂಗ್ ಸಂಶೋಧಕರು 2020ರಲ್ಲಿ ಬೆಳ್ಳಿ ಮತ್ತು ಇಂಗಾಲದ ತೆಳು ಪದರದ ಮೇಲೆ ಲಿಥಿಯಂ ಸಮವಾಗಿ ಕೂರುವಂತೆ ಮಾಡಿ, ಆರ್ಜಿರೊಡೈಟ್ ಸೆಲ್ಲೊಂದು ಲೀಟರಿಗೆ 900 ವ್ಯಾಟ್-ಅವರ್ ಮೀರಿದ ಶಕ್ತಿಯೊಂದಿಗೆ 1000 ಆವರ್ತನಗಳನ್ನು ದಾಟಿದ್ದನ್ನು ವರದಿ ಮಾಡಿದರು. ಟೊಯೊಟಾ ಮತ್ತು ಇದೆಮಿತ್ಸು ಕಂಪನಿಗಳು 2023ರ ಅಕ್ಟೋಬರಿನಲ್ಲಿ ಕೈಜೋಡಿಸಿ, 2027-28ರ ವೇಳೆಗೆ ಸಲ್ಫೈಡ್ ಬ್ಯಾಟರಿಯ ಕಾರನ್ನು ಹೊರತರುವ ಗುರಿ ಇರಿಸಿಕೊಂಡವು. ಇದೆಮಿತ್ಸು ತೈಲ ಶುದ್ಧೀಕರಣದ ಕಂಪನಿ ಎಂಬುದು ನಮ್ಮ ಊರಿನ ಮಟ್ಟಿಗೆ ಗಮನಿಸಬೇಕಾದ ಅಂಶ. ಕಚ್ಚಾ ತೈಲದಿಂದ ಗಂಧಕವನ್ನು ಬೇರ್ಪಡಿಸದೆ ಇಂಧನ ಮಾರುವಂತಿಲ್ಲ. ನಮ್ಮಲ್ಲಿ 2020ರ ಏಪ್ರಿಲಿನಿಂದ ಬಂದ ಬಿಎಸ್-6 ನಿಯಮದಂತೆ ಪೆಟ್ರೋಲು, ಡೀಸೆಲುಗಳಲ್ಲಿ ಹತ್ತು ಲಕ್ಷಕ್ಕೆ 10 ಪಾಲಿಗಿಂತ ಹೆಚ್ಚು ಗಂಧಕ ಇರಕೂಡದು. ಸುರತ್ಕಲ್ಲಿನ ಪಕ್ಕದ ಎಂಆರ್‌ಪಿಎಲ್‌ನಲ್ಲೂ, ಇತರ ಶುದ್ಧೀಕರಣಾಗಾರಗಳಂತೆ, ತೈಲದ ಗಂಧಕವನ್ನು ಮೊದಲು ಹೈಡ್ರೋಜನ್ ಸಲ್ಫೈಡಾಗಿಸಿ ಬಳಿಕ ಹಳದಿ ಗಂಧಕವಾಗಿ ಮರಳಿ ಪಡೆಯುತ್ತಾರೆ. ಅಂದರೆ ಸಲ್ಫೈಡ್ ಎಲೆಕ್ಟ್ರೊಲೈಟಿಗೆ ಗಂಧಕದ ಕೊರತೆ ಎಂದಿಗೂ ಆಗದು. ಬೆಲೆ ಏರಿಸುವುದು ಶುದ್ಧವಾದ ಲಿಥಿಯಂ ಸಲ್ಫೈಡ್. ಅದನ್ನು ತಯಾರಿಸುವ ದಾರಿಗಳಲ್ಲಿ ಒಂದು ಲಿಥಿಯಂ ಹೈಡ್ರಾಕ್ಸೈಡನ್ನು ಹೈಡ್ರೋಜನ್ ಸಲ್ಫೈಡಿನೊಡನೆ ವರ್ತಿಸುವಂತೆ ಮಾಡುವುದು. ಈ ವಿಷಾನಿಲವನ್ನು ಸುರಕ್ಷಿತವಾಗಿ ನಿರ್ವಹಿಸುವುದನ್ನು ದಶಕಗಳಿಂದ ಬಲ್ಲ ತಂತ್ರಜ್ಞರು ಇರುವ ಊರು ನಮ್ಮದು. ಪಕ್ಕದಲ್ಲೇ 1960ರಿಂದ ಎಂಜಿನಿಯರಿಂಗ್ ಕಲಿಸುತ್ತಿರುವ ಸುರತ್ಕಲ್ ಸಂಸ್ಥೆ, ಅತ್ತ ಮಣಿಪಾಲ. ಈ ಮೂರೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತು ಲಿಥಿಯಂ ಸಲ್ಫೈಡಿನ ಬಗ್ಗೆ ಯೋಚಿಸಬೇಕೆಂಬುದು ನನ್ನ ಬಹುದಿನಗಳ ಆಸೆ.

ನಮ್ಮ ಬೀದಿಯಲ್ಲಿ ಆಟೊ ಓಡಿಸುವವರೊಬ್ಬರು ಮೊನ್ನೆ ಕೇಳಿದರು, "ಮಾಷ್ಟ್ರೇ, ಈ ಸಾಲಿಡ್ ಬ್ಯಾಟರಿ ಬರುವವರೆಗೆ ಕಾಯುವುದಾ, ಅಲ್ಲ ಈಗಲೇ ಎಲೆಕ್ಟ್ರಿಕ್ ರಿಕ್ಷಾ ತೆಗೆದುಕೊಳ್ಳುವುದಾ?" ಕಾಯಬೇಡಿ ಎಂದೆ. ಹೊಸ ಬ್ಯಾಟರಿ ಮೊದಲು ಬರುವುದು ದುಬಾರಿ ಕಾರುಗಳಿಗೆ, ರಿಕ್ಷಾದ ಬೆಲೆಗೆ ಇಳಿಯಲು ಇನ್ನೂ ಬಹಳ ವರ್ಷ ಬೇಕು. ಅಷ್ಟರಲ್ಲಿ ಕಬ್ಬಿಣದ ಫಾಸ್ಫೇಟ್ ಕ್ಯಾಥೋಡ್ ಇರುವ ಈಗಿನ ಬ್ಯಾಟರಿಗಳು ಅವರ ದಿನದ ದುಡಿಮೆಗೆ ಧಾರಾಳ ಸಾಕು. "ಆ ಸಾಲಿಡ್ ಬ್ಯಾಟರಿ ಬೆಂಕಿಯೇ ಹಿಡಿಯುವುದಿಲ್ಲವಂತೆ, ಹೌದಾ?" ಎಂದೂ ಕೇಳಿದರು. ಉರಿಯುವ ದ್ರಾವಕ ಇಲ್ಲದ್ದರಿಂದ ಅಪಾಯ ಕಡಿಮೆ ಎಂಬುದು ನಿಜ. ಆದರೆ ಪೂರ್ತಿ ಚಾರ್ಜ್ ಆದ ಕ್ಯಾಥೋಡ್ ತೀವ್ರವಾಗಿ ಬಿಸಿಯಾದಾಗ ಬಿಡುವ ಆಕ್ಸಿಜನ್ನಿನೊಡನೆ ಸಲ್ಫೈಡ್ ವರ್ತಿಸಿ ಶಾಖವನ್ನೂ ಸಲ್ಫರ್ ಡೈಆಕ್ಸೈಡನ್ನೂ ಕೊಡುತ್ತದೆ, ಆದ್ದರಿಂದ ಬೆಂಕಿಯೇ ಇಲ್ಲ ಎಂದು ಭರವಸೆ ಕೊಡಲು ನಾನು ಸಿದ್ಧನಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಆಯಸ್ಸು ಮುಗಿದ ಬ್ಯಾಟರಿಯ ಪ್ರಶ್ನೆ. ಸೆಲ್ ಭದ್ರವಾಗಿ ಮುಚ್ಚಿರುವವರೆಗೆ ಸಲ್ಫೈಡಿನಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಹೆದ್ದಾರಿಯ ಬದಿಯ ಗುಜರಿ ಅಂಗಡಿಯಲ್ಲಿ, ಜಡಿಮಳೆಯ ದಿನ, ತಗಡಿನ ಮಾಡಿನ ಕೆಳಗೆ ಯಾವುದೋ ಅಪಘಾತದ ಕಾರಿನ ಬ್ಯಾಟರಿಯನ್ನು ಸುತ್ತಿಗೆಯಿಂದ ಒಡೆಯುವವರಿಗೆ ಒಳಗೆ ಏನಿದೆ ಎಂಬುದು ತಿಳಿದಿರುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಅದು ಒಳ್ಳೆಯ ಆರಂಭ. ಸಲ್ಫೈಡ್ ಸೆಲ್ಲುಗಳು ನಮ್ಮ ರಸ್ತೆಗೆ ಬರುವ ಮೊದಲೇ ಅವುಗಳ ಪೆಟ್ಟಿಗೆಯ ಮೇಲೆ ಕನ್ನಡವೂ ಸೇರಿದಂತೆ ಸ್ಥಳೀಯ ಭಾಷೆಯಲ್ಲಿ, ನೀರು ತಾಗಿದರೆ ವಿಷಾನಿಲ ಬರುತ್ತದೆ ಎಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಬೇಕು. ಅಗ್ನಿಶಾಮಕ ಠಾಣೆಗಳ ಸಿಬ್ಬಂದಿಗೂ ಗುಜರಿ ಕೆಲಸದವರಿಗೂ ಹೈಡ್ರೋಜನ್ ಸಲ್ಫೈಡ್ ಮಾಪಕ ಕೊಟ್ಟು, ಅದನ್ನು ಬಳಸುವ ತರಬೇತಿಯನ್ನು ಮಳೆಗಾಲಕ್ಕೆ ಮೊದಲು ನಡೆಸಬೇಕು. ಅಂಗಿಯ ಜೇಬಿಗೆ ಸಿಕ್ಕಿಸುವಂಥ ಈ ಮಾಪಕಗಳನ್ನು ಶುದ್ಧೀಕರಣಾಗಾರಗಳ ಕೆಲಸಗಾರರು ಈಗಾಗಲೇ ಧರಿಸುತ್ತಾರೆ, ಹಾಗಾಗಿ ಹೊಸದಾಗಿ ಕಂಡುಹಿಡಿಯಬೇಕಾದ್ದು ಇದರಲ್ಲಿ ಏನೂ ಇಲ್ಲ.